ಹಸಿ ಮಣ್ಣಿನ ಮುದ್ದೆ

ಖಾನಾಪುರದ ಕುಂಬಾರನು ಬಲ್ಲ ಸತ್ಯವೊಂದುಂಟು: ಹಸಿ ಮಣ್ಣು ಯಾವ ರೂಪವನ್ನಾದರೂ ತಾಳೀತು, ಆವಿಗೆಯಲ್ಲಿ ಬೆಂದ ಮಡಕೆ ಮತ್ತೆ ತಿಗರಿಯನ್ನೇರದು.

ನಮ್ಮ ಮೂತ್ರಪಿಂಡವೂ ಬೆಂದ ಮಡಕೆಯೇ. ಒಂದೊಂದರಲ್ಲಿಯೂ ರಕ್ತವನ್ನು ಸೋಸುವ ನೆಫ್ರಾನ್‌ಗಳು ಸುಮಾರು 10 ಲಕ್ಷ. ಗರ್ಭದ 36ನೆಯ ವಾರದ ಹೊತ್ತಿಗೆ ಅವುಗಳ ರಚನೆ ಮುಗಿಯುತ್ತದೆ. ಆಮೇಲೆ ಹೊಸತೊಂದು ಹುಟ್ಟದು. ಅವು ನಶಿಸಿದವನು ವಾರಕ್ಕೆರಡು ಮೂರು ಸಲ, ಸುಮಾರು ನಾಲ್ಕು ತಾಸು, ಡಯಾಲಿಸಿಸ್ ಯಂತ್ರದ ಬಳಿ ಮಲಗಬೇಕು. ಖಾನಾಪುರದ ಕಾಡಂಚಿನಿಂದ ಬೆಳಗಾವಿಯ ಆಸ್ಪತ್ರೆಗೆ ಬರುವವನಿಗೆ ಅದು ಇಡೀ ದಿನವನ್ನೇ ನುಂಗುವ ಪಯಣ.

ಬೆಂದ ಮಡಕೆಯೊಳಗೆ ಎಲ್ಲಿಯಾದರೂ ಹಸಿ ಮುದ್ದೆ ಉಳಿದಿದೆಯೇ? ಹೊಸ ಕೋಶಗಳಿಗೆ ಜನ್ಮವೀಯುವ ಆಕರ ಕೋಶಗಳ ಹುಡುಕಾಟದ ತಿರುಳು ಈ ಪ್ರಶ್ನೆಯೇ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂತ್ರಪಿಂಡಗಳ ನಿರೋಗಿ ಭಾಗದಿಂದ 2005ರಲ್ಲಿ ಇಟಲಿಯ ಟ್ಯೂರಿನ್ ನಗರದ ವಿಜ್ಞಾನಿಗಳು ಅಂಥ ಗುಣದ ಕೋಶಗಳನ್ನು ಬೇರ್ಪಡಿಸಿದರು. ಅವುಗಳ ಮೈಮೇಲೆ ಸಿಡಿ133 ಎಂಬ ಗುರುತಿತ್ತು. ಮರುವರ್ಷ ಫ್ಲಾರೆನ್ಸಿನವರು ನೆಫ್ರಾನಿನ ತಲೆಯ ಬಟ್ಟಲಿನಲ್ಲಿಯೂ ಅಂಥವನ್ನು ಕಂಡರು. 2008ರಲ್ಲಿ ಇಲಿಗಳ ಪ್ರಯೋಗ ಮತ್ತೊಂದನ್ನು ತೋರಿಸಿತು: ಗಾಯಗೊಂಡ ನಳಿಕೆಯನ್ನು ಸರಿಪಡಿಸುವವು ಅದರಲ್ಲೇ ಬದುಕುಳಿದ ಕೋಶಗಳು. ಅವು ಮೊದಲಿನಿಂದಲೂ ವಿಶೇಷ ಬಳಗವೋ, ಆಪತ್ತಿನಲ್ಲಿ ಎಚ್ಚೆತ್ತ ಸಾಮಾನ್ಯರೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹೀಗೆ, ಬಿರುಕು ಮುಚ್ಚೀತು. ಹೊಸ ಮಡಕೆ ಹುಟ್ಟದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಮೂತ್ರಪಿಂಡ ರೋಗಕ್ಕೆ ಆಕರ ಕೋಶಗಳ ಬಳಕೆ ಅನುಮತಿ ಪಡೆದ ಪ್ರಯೋಗಗಳಿಗೆ ಮಾತ್ರ ಮೀಸಲು. ಜಾಹೀರಾತನ್ನು ನಂಬಿ ಹೊಲ ಮಾರಹೊರಟವರಿಗೆ ಇಷ್ಟು ತಿಳಿದಿರಲಿ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹಿಡಿತದಲ್ಲಿಟ್ಟು ಇರುವ ಮಡಕೆಯನ್ನು ಕಾಯುವ ಉಪಾಯವಂತೂ ಇಂದೇ ನಮ್ಮ ಕೈಯಲ್ಲಿದೆ.