ಟೋಪಿಗೂ ಒಂದು ಶಾಸನ

ಬೀವರ್ ಪ್ರಾಣಿಯ ತುಪ್ಪಳ ಹೇರಳವಾಗಿದ್ದ ಅಮೆರಿಕದ ವಸಾಹತುಗಳು ಟೋಪಿಗಳನ್ನು ಇಂಗ್ಲೆಂಡಿನಿಂದೇಕೆ ತರಿಸಿಕೊಳ್ಳುತ್ತಿದ್ದವು?

ವಸಾಹತುಗಳು ಕಚ್ಚಾ ಸಾಮಗ್ರಿಯ ಉಗ್ರಾಣಗಳೂ ಸಿದ್ಧವಸ್ತುಗಳ ಪೇಟೆಗಳೂ ಆಗಿರತಕ್ಕವೆಂಬುದೇ ಅಂದಿನ ಆಂಗ್ಲ ಪ್ರಭುತ್ವದ ನೀತಿಯಾಗಿದ್ದಿತು. ಗೇಣಿಯ ರೈತನ ಭತ್ತವನ್ನೆಲ್ಲ ತನ್ನ ಕಣಜಕ್ಕೇ ಅಳೆಯಿಸಿಕೊಂಡು, ಬಳಿಕ ಅಕ್ಕಿಯನ್ನು ಅವನಿಗೇ ಮಾರುವ ಒಡೆಯನ ರೀತಿಯಿದು. ಲಂಡನ್ನಿನ ಟೋಪಿಗಾರರ ಮೊರೆಗೆ ಓಗೊಟ್ಟು ಪಾರ್ಲಿಮೆಂಟು 1732ರಲ್ಲಿ ವಿಧಿಸಿದ ಶಾಸನವು, ಟೋಪಿ ಮಾಡುವುದನ್ನೇ ನಿಷೇಧಿಸದೆ (ಜಾಣತನವಿದ್ದುದು ಇಲ್ಲಿಯೇ), ಅದನ್ನು ನೆರೆಯ ವಸಾಹತಿಗೂ ಸಾಗಿಸಕೂಡದೆಂದಿತು. ಏಳು ವರ್ಷ ಕಲಿಯದವನು ಕಸುಬು ಹಿಡಿಯುವಂತಿರಲಿಲ್ಲ, ಗುರುವೊಬ್ಬನಲ್ಲಿ ಇಬ್ಬರಿಗಿಂತ ಹೆಚ್ಚು ಶಿಷ್ಯರಿರುವಂತಿರಲಿಲ್ಲ, ಕರಿಯರಿಗಂತೂ ಆ ವೃತ್ತಿಯ ಬಾಗಿಲೇ ಮುಚ್ಚಿತು. ಪೇಟೆಯೂ ಕೈಗಳೂ ಹೀಗೆ ಕುಗ್ಗಲು, ಕಡಲಾಚೆಗೆ ಹೋದ ತುಪ್ಪಳವೇ ಟೋಪಿಯಾಗಿ, ಹಡಗಿನ ಬಾಡಿಗೆಯನ್ನೂ ಹೊತ್ತು ಮರಳುತ್ತಿದ್ದಿತು. 1750ರಲ್ಲಿ ಕಬ್ಬಿಣದ ಸರದಿ ಬಂದಿತು: ಕಚ್ಚಾ ಕಬ್ಬಿಣವು ಸುಂಕವಿಲ್ಲದೆ ಇಂಗ್ಲೆಂಡಿಗೆ ಹೋಗಬಹುದು, ಅದನ್ನು ಸೀಳುವ ಹೊಸ ಕಾರ್ಖಾನೆ ಮಾತ್ರ ವಸಾಹತಿನಲ್ಲಿ ಏಳಕೂಡದು.