ಎತ್ತಿನ ಗಾಡಿಯ ಕೌಬಾಯ್

1873ರಲ್ಲಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಐರಿಷ್ ಸೈನಿಕ, ಕೋಲಾರದ ಕಡೆ ಚಿನ್ನ ಅಗೆಯಲು ಅಪ್ಪಣೆ ಕೊಡಿ ಎಂದು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಚಿನ್ನವೆಲ್ಲ ಆಗಿಬರುವ ಮಾತಲ್ಲ, ಬೇಕಿದ್ದರೆ ಕಲ್ಲಿದ್ದಲು ಹುಡುಕಿಕೋ ಎಂದರು ಅಧಿಕಾರಿಗಳು. ಕಲ್ಲಿದ್ದಲು ಅಂದರೆ ಮಣ್ಣಿನಡಿ ಸಿಕ್ಕಿ ಕೋಟ್ಯಂತರ ವರ್ಷ ಅದುಮಿಸಿಕೊಂಡ ಕಾಡು. ಕೋಲಾರದ ಆ ಬಂಡೆಗಳು ಹುಟ್ಟಿದ್ದು ಸುಮಾರು 270 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ಮೇಲೆ ಮರ ಹಾಗಿರಲಿ, ಒಂದು ಗರಿಕೆಯೂ ಇರಲಿಲ್ಲ. ಇದ್ದದ್ದನ್ನು ಕೇಳಿದವನಿಗೆ ಸರ್ಕಾರ ಇರಲು ಸಾಧ್ಯವೇ ಇಲ್ಲದ್ದನ್ನು ಧಾರಾಳವಾಗಿ ಕೊಡಲು ಹೊರಟಿತ್ತು. ಕಚೇರಿ ಅಲೆದು ಅಭ್ಯಾಸವಿರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಸೈನಿಕನ ಹೆಸರು ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ. ಬೆಂಗಳೂರಿನವರಿಗೆ ಅವನು ಒಂದು ದುಬಾರಿ ರಸ್ತೆ, ಅಷ್ಟೆ.

ಅವನ ನೆನಪು ಬಂದದ್ದು ಹುಳಿಮಾವಿನ ನಮ್ಮ ಬೀದಿಯ ಹುಡುಗನೊಬ್ಬನಿಂದ. ಹಗಲು ಬನ್ನೇರುಘಟ್ಟ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ, ರಾತ್ರಿ ಕಿರುಚಿತ್ರಕ್ಕೆ ಕತೆ ಬರೆಯುತ್ತಾನೆ. "ಅಂಕಲ್, ಒಂದು ಗೋಲ್ಡ್ ರಷ್, ಒಬ್ಬ ಪೆದ್ದು ಹೀರೋ, ಒಬ್ಬಳು ಹುಡುಗಿ. ಫುಲ್ ಕಾಮಿಡಿ. ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತೆ, ಶೂಟಿಂಗ್ ರಾಮನಗರದ ಬೆಟ್ಟದಲ್ಲಿ" ಅಂದ. 'ಶೋಲೆ'ಗೆ ಒದಗಿದ ಬೆಟ್ಟ ಇವನಿಗೂ ಒದಗೀತು, ಅದರಲ್ಲಿ ತಪ್ಪಿಲ್ಲ. ಕ್ಯಾಲಿಫೋರ್ನಿಯಾ ಯಾಕಪ್ಪಾ ಅಂದೆ. "ನಮ್ಮಲ್ಲಿ ಗೋಲ್ಡ್ ರಷ್ ಎಲ್ಲಿತ್ತು ಅಂಕಲ್? ನಮ್ಮಲ್ಲಿದ್ದದ್ದು ಕೆಜಿಎಫ್!"

ಅವನ ಪ್ರಕಾರ ಕೆಜಿಎಫ್ ಅಂದರೆ 2018ರ ಸಿನಿಮಾ. ಹೊಗೆ, ಮಸಿ, ಸುತ್ತಿಗೆ, ಗುಡುಗುವ ಹಿನ್ನೆಲೆ ಸಂಗೀತ. ಅಲ್ಲಿ ಯಾರೂ ನಗುವುದಿಲ್ಲ. ಆದರೆ ಆ ಹೆಸರಿನ ಊರಿನಲ್ಲಿ, ಅಂದರೆ ಕೋಲಾರದ ಚಿನ್ನದ ಗಣಿಯಲ್ಲಿ, ಚಿನ್ನ ಸಿಕ್ಕಿದ ನಿಜವಾದ ಕತೆ ಇದೆಯಲ್ಲ, ಅದು ಹಾಸ್ಯಪ್ರಸಂಗ. ಪೆದ್ದರಿದ್ದಾರೆ, ಮೋಸ ಹೋದವರಿದ್ದಾರೆ, ಪ್ರಪಂಚ ಸುತ್ತಿ ಬಂದು ಎತ್ತಿನ ಗಾಡಿ ಹತ್ತಿದ ನಾಯಕನಿದ್ದಾನೆ. ನಾಯಕಿಯೂ ಇದ್ದಾಳೆ, ಅವಳ ಮಾತಿಗೆ ಆಮೇಲೆ ಬರುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು, ನಮ್ಮ ಕಡೆಯವರು ಸುಮ್ಮನೆ ಆಸೆ ಪಡುವುದು ಬೇಡ. ಹುಳಿಮಾವಿನ ಕೆಳಗೆ ಚಿನ್ನವಿಲ್ಲ. ಇಲ್ಲಿಯದು ಲಾಲ್‌ಬಾಗ್ ಬಂಡೆಯ ಬಳಗದ ನೈಸ್ ಶಿಲೆ. ಮನೆ ಕಟ್ಟಲು, ಗುಹೆಯಲ್ಲಿ ದೇವರನ್ನು ಕೂರಿಸಲು ಒಳ್ಳೆಯದು. ಚಿನ್ನವಿರುವುದು ಕೋಲಾರದ ಕಡೆ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹರಡಿದ, ಅಗಲ ಕಡಿಮೆಯಿರುವ ಒಂದು ಕಪ್ಪು ಕಲ್ಲಿನ ಪಟ್ಟಿಯಲ್ಲಿ. ಆ ಪಟ್ಟಿಯ ಬಿರುಕುಗಳಲ್ಲಿ ಬಿಸಿನೀರು ಹರಿದು, ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಬಿಟ್ಟುಹೋಯಿತು. ಹುಳಿಮಾವಿನಲ್ಲಿ ಚಿನ್ನದಂಥ ಜಾಗ ಎಂದು ಯಾರಾದರೂ ಹೇಳಿದರೆ ಆತ ಸೈಟ್ ಬ್ರೋಕರ್.

ಇನ್ನು ಕತೆ. ಟಿಪ್ಪು 1799ರಲ್ಲಿ ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸ ಶುರುವಾಯಿತು. ಪೂರ್ವದ ಗಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್. ಹುಟ್ಟಿನಿಂದ ಫ್ರೆಂಚ್, ಕೆಲಸ ಇಂಗ್ಲಿಷರ 33ನೆಯ ರೆಜಿಮೆಂಟಿನಲ್ಲಿ. ಸರಪಳಿ ಹಿಡಿದು ಅಳೆಯುತ್ತಾ ಹೋದವನ ಕಿವಿಗೆ ಊರಿಗಾಂ, ಮಾರಿಕುಪ್ಪದ ಸುತ್ತ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಬಿತ್ತು. 1802ರಲ್ಲಿ ಅವನು ಮಾಡಿದ್ದು ಬಹಳ ಸರಳ ಕೆಲಸ. ಚಿನ್ನ ತೋರಿಸಿದವರಿಗೆ ಇನಾಮು ಎಂದು ಸಾರಿದ. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದರು.

ದೃಶ್ಯ ನೋಡಿ. ಕೆಂಪು ಕೋಟಿನ ಸಾಹೇಬ ಕುರ್ಚಿಯಲ್ಲಿ ಕೂತಿದ್ದಾನೆ, ಎದುರಿಗೆ ಎತ್ತಿನ ಗಾಡಿಗಳ ಸಾಲು, ತುಂಬ ಮಣ್ಣು. ಮಣ್ಣನ್ನು ನೀರಿಗೆ ಹಾಕಿ ಜಾಲಿಸುತ್ತಾರೆ. ಅಕ್ಕಿಯ ಕಲ್ಲು ತೆಗೆಯಲು ಮನೆಯಲ್ಲಿ ಮಾಡುವ ಕೈಚಳಕವೇ ಇದು. ಹಗುರಾದ ಮಣ್ಣು ನೀರಿನ ಜೊತೆ ಅಂಚಿನಿಂದ ಆಚೆ ಹೋಗುತ್ತದೆ. ಬೆಣಚುಕಲ್ಲಿಗಿಂತ ಚಿನ್ನ ಏಳು ಪಟ್ಟು ತೂಕ, ಆದ್ದರಿಂದ ಅದು ತಳ ಬಿಡುವುದಿಲ್ಲ. ಕೈ ಒಂದಿಷ್ಟು ಜೋರಾದರೆ ಚಿನ್ನವೂ ಹೋಯಿತು, ನಿಧಾನವಾದರೆ ಮಣ್ಣೇ ಉಳಿಯಿತು. ಕೊನೆಗೆ ಕಪ್ಪು ಮರಳಿನ ಒಂದು ಗೆರೆ, ಅದರ ತುದಿಯಲ್ಲಿ ಹಳದಿ ಚುಕ್ಕಿಗಳು. ವಾರನ್ನನ ಲೆಕ್ಕದಲ್ಲಿ ಸುಮಾರು 120 ಪೌಂಡ್ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಒಂದು ಪವನಿಗೆ ಆರೂವರೆ ಟನ್‌ಗೂ ಹೆಚ್ಚು ಮಣ್ಣು ಜಾಲಿಸಬೇಕು. ಮದುಮಗಳಿಗೆ ಒಂದು ಎಳೆ ಸರ ಮಾಡಿಸುವಷ್ಟರಲ್ಲಿ ಊರಿನ ಹೊಲವೇ ಖಾಲಿ.

ಮಾರಿಕುಪ್ಪದಲ್ಲಿ ಅವನು ಇನ್ನೂ ಮುಂದಿನದನ್ನು ಕಂಡ. ಅಲ್ಲಿ ಆಗಲೇ ಗಣಿಗಳಿದ್ದವು. ಗುಣಿಗೆ ಇಳಿದು ಕಲ್ಲು ಅಗೆಯುತ್ತಿದ್ದವರು ಊರಾಚೆ ಕೇರಿಯ ದಲಿತರು. ಆಳದಿಂದ ಬುಟ್ಟಿಗಳು ಕೈಯಿಂದ ಕೈಗೆ ಬದಲಾಗಿ ಮೇಲೆ ಬರುತ್ತಿದ್ದವು. ಮೇಲೆ ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತಿದ್ದರು, ಆ ಪುಡಿಯನ್ನು ತೊಳೆದು ಚಿನ್ನ ಬೇರೆ ಮಾಡಲಾಗುತ್ತಿತ್ತು. ಹೀಗೆ, ಯಾರಿಗೆ ಗೊತ್ತಿತ್ತೋ ಅವರು ಕಲ್ಲು ಕುಟ್ಟುತ್ತಿದ್ದರು, ಯಾರಿಗೆ ಗೊತ್ತಿರಲಿಲ್ಲವೋ ಅವನು ಬರೆದುಕೊಂಡ. 1804ರಲ್ಲಿ ಅವನ ಬರಹ ಅಚ್ಚಾಯಿತು. 'ಪತ್ತೆ' ವಾರನ್ನನ ಹೆಸರಿಗೆ ಬಂತು. ಅವನು ಮಾತ್ರ ಚಿನ್ನದ ಹಿಂದೆ ಬೀಳದೆ ಮದರಾಸಿಗೆ ಹೋಗಿ ಅಲ್ಲಿನ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಿದ, 1825ರಲ್ಲಿ ನಮ್ಮ ಪಂಚಾಂಗದ ಲೆಕ್ಕಗಳ ಮೇಲೆ 'ಕಾಲಸಂಕಲಿತ' ಎಂಬ ದಪ್ಪ ಪುಸ್ತಕ ತಂದ. ಬಂಗಾರ ತೋರಿಸಿ ಕೊನೆಗೆ ತಿಥಿ ವಾರ ಎಣಿಸಿದವನು ಅಂದರೆ ಇವನೊಬ್ಬನೇ ಇರಬೇಕು.

ಸಾಗರದಾಚೆಯೂ ಇಂಥದೇ ಆಯಿತು. ಕೆನಡಾದ ಕ್ಲೋಂಡೈಕ್‌ನಲ್ಲಿ 1896ರ ಆಗಸ್ಟ್‌ನಲ್ಲಿ ಚಿನ್ನ ಸಿಕ್ಕಾಗ ಅಲ್ಲಿದ್ದವರಲ್ಲಿ ಮುಖ್ಯರು ಜಾರ್ಜ್ ಕಾರ್ಮ್ಯಾಕ್ ಎಂಬ ಬಿಳಿಯ, ಅವನ ಹೆಂಡತಿ ಕೇಟ್, ಅವಳ ಅಣ್ಣ ಸ್ಕೂಕಮ್ ಜಿಮ್. ಕೇಟ್, ಜಿಮ್ ಇಬ್ಬರೂ ಅಲ್ಲಿನ ಟಾಗಿಶ್ ಮೂಲನಿವಾಸಿಗಳು. ಮೊದಲು ಕಂಡವನು ಜಿಮ್ ಎಂದು ಅವನ ಕಡೆಯವರು, ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಕೇಟ್ ಎಂದು ಇನ್ನು ಕೆಲವರು. ಕಾಗದ ಆದದ್ದು ಜಾರ್ಜನ ಹೆಸರಿಗೆ. ದುಡ್ಡು ಬಂದ ಕೆಲವೇ ವರ್ಷಗಳಲ್ಲಿ ಅವನು ಕೇಟಳನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದ. ಚಿನ್ನದ ಬೇಟೆಯ ನಿಜವಾದ ಪ್ರೇಮಕತೆ ಹೀಗಿತ್ತು.

ಸಿನಿಮಾದ್ದು ಬೇರೆ. ಅದೇ ಕ್ಲೋಂಡೈಕ್‌ಗೆ ಹೋಗುವ ಹಿಮದ ಕಣಿವೆಯಲ್ಲಿ ಇರುವೆ ಸಾಲಿನಂತೆ ಹತ್ತುತ್ತಿದ್ದ ಜನರ ಫೋಟೋವನ್ನು ಗೆಳೆಯ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮನೆಯಲ್ಲಿ ನೋಡಿದ ಚಾಪ್ಲಿನ್‌ಗೆ 'ದಿ ಗೋಲ್ಡ್ ರಷ್' ಹೊಳೆಯಿತು. ಹಸಿವಿಗೆ ಬೂಟು ಬೇಯಿಸಿ ತಿನ್ನುವ ದೃಶ್ಯ, ಹಿಮದಲ್ಲಿ ಸಿಕ್ಕಿಬಿದ್ದು ಚರ್ಮ ತಿಂದ ನಿಜವಾದ ವಲಸೆಗಾರರ ದುರಂತದಿಂದ ಹುಟ್ಟಿದ್ದು. ಆ ಬೂಟು ಜೇಷ್ಠಮಧುವಿನ ಮಿಠಾಯಿ. ನಾಯಕಿಯಾಗಬೇಕಿದ್ದ ಲಿಟಾ ಗ್ರೇ ಬಸುರಾದಳು, 1924ರಲ್ಲಿ ಚಾಪ್ಲಿನ್ ಅವಳನ್ನು ಮದುವೆಯಾದ, ತೆರೆಯ ಮೇಲಿನ ಪ್ರೀತಿಗೆ ಜಾರ್ಜಿಯಾ ಹೇಲ್ ಬಂದಳು. ಮುಂದಿನ ವರ್ಷ ಚಿತ್ರ ಬಿಡುಗಡೆ. ನಮ್ಮ ಬೀದಿಯ ಹುಡುಗ ಬರೆಯಹೊರಟಿರುವ ಜಾತಿಯ ಕತೆಗೆ ಇದಕ್ಕಿಂತ ಒಳ್ಳೆಯ ಮಾದರಿ ಇನ್ನೂ ಬಂದಿಲ್ಲ.

ಲ್ಯಾವೆಲ್ಲೆಗೆ ಬರೋಣ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕಾದಾಡಿ ಬಂದವನು, ಅಲ್ಲಿನ ಚಿನ್ನದ ಗದ್ದಲವನ್ನು ಹತ್ತಿರದಿಂದ ಕಂಡವನು. ಬೆಂಗಳೂರಿನ ಪಿಂಚಣಿ ಬದುಕಿನಲ್ಲಿ, 1871ರಲ್ಲಿ, ವಾರನ್ನನ ಹಳೆಯ ಬರಹ ಕಣ್ಣಿಗೆ ಬಿತ್ತು. ಅರವತ್ತೇಳು ವರ್ಷ ಧೂಳು ತಿಂದ ಕಾಗದ. ಬೇರೆಯವರಾಗಿದ್ದರೆ ಓದಿ ಮಡಚಿಡುತ್ತಿದ್ದರು. ಇವನು ಎತ್ತಿನ ಗಾಡಿ ಕಟ್ಟಿಸಿ ಕೋಲಾರದ ಕಡೆ ಹೊರಟ. ಕುದುರೆ ಇಲ್ಲ, ಪಿಸ್ತೂಲಿನ ಕಾಳಗ ಇಲ್ಲ, ಗಾಡಿಯ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡ ಕೌಬಾಯ್. ಎರಡು ವರ್ಷ ಅಲೆದು, ಹಳೆಯ ಗುಣಿಗಳನ್ನು ಗುರುತು ಮಾಡಿಕೊಂಡು, ಆಮೇಲೆ ಹಾಕಿದ್ದೇ ಮೊದಲು ಹೇಳಿದ ಅರ್ಜಿ. ಕಲ್ಲಿದ್ದಲಿನ ಮಾತಿಗೆ ಅವನು ಜಗ್ಗಲಿಲ್ಲ. ಸಿಕ್ಕರೆ ಸರ್ಕಾರಕ್ಕೆ ಲಾಭ, ಸಿಗದಿದ್ದರೆ ನಷ್ಟ ನನ್ನದು ಎಂಬ ವಾದ ಅವನದು. ಇಂಥ ವಾದಕ್ಕೆ ಯಾವ ಸರ್ಕಾರ ಎಷ್ಟು ದಿನ ಇಲ್ಲ ಎಂದೀತು? 1875ರ ಫೆಬ್ರವರಿ 2ರಂದು ಇಪ್ಪತ್ತು ವರ್ಷದ ಗುತ್ತಿಗೆ ಕೈಗೆ ಬಂತು.

ಕಾಗದ ಬಂತು, ಕಾಸು ಇರಲಿಲ್ಲ. ಗಣಿ ತೋಡುವುದು ಪಿಂಚಣಿಯಲ್ಲಿ ಆಗುವ ಕೆಲಸವಲ್ಲ. ಎರಡೇ ವರ್ಷಕ್ಕೆ ಹಕ್ಕನ್ನು ಮೇಜರ್ ಜನರಲ್ ಬೆರೆಸ್ಫರ್ಡ್ ಮತ್ತು ಸಂಗಡಿಗರಿಗೆ ವಹಿಸಿಕೊಟ್ಟ. ಅಲ್ಲಿಗೆ ನಮ್ಮ ನಾಯಕ ಕತೆಯಿಂದ ಹೊರಗೆ. ಮಧ್ಯಂತರಕ್ಕೆ ಮೊದಲೇ!

ಆಗ ನಡೆಯಿತು ನಿಜವಾದ ಹುಚ್ಚು, ಕೋಲಾರದಲ್ಲಲ್ಲ, ವಯನಾಡು ನೀಲಗಿರಿಯ ಸೆರಗಿನಲ್ಲಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿಗೆ ಹೋದವರಿಗೆ ದೇವಾಲ, ಪಂದಲೂರು ಗೊತ್ತಿರುತ್ತವೆ. ಆಸ್ಟ್ರೇಲಿಯಾದಿಂದ ಬಂದ ತಜ್ಞ ಬ್ರಫ್ ಸ್ಮಿತ್ 1880ರಲ್ಲಿ ಇಲ್ಲಿ ಒಳ್ಳೆಯ ಚಿನ್ನವಿದೆ ಎಂದು ವರದಿ ಕೊಟ್ಟ. ಲಂಡನ್ನಿನಲ್ಲಿ ನೋಡನೋಡುತ್ತ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು, ಷೇರು ಬಿಸಿದೋಸೆಯಂತೆ ಖರ್ಚಾದವು. ಕಾಫಿ ತೋಟದ ಮಾಲೀಕರು ರೋಗ ಹಿಡಿದ ತೋಟಗಳನ್ನೇ ಚಿನ್ನದ ಭೂಮಿ ಎಂದು ಮಾರಿ ಬದುಕಿಕೊಂಡರು. ಕಾಡಿನ ನಡುವೆ ಪಂದಲೂರಿನಲ್ಲಿ ಕುದುರೆ ಜೂಜಿನ ಮೈದಾನವೂ ಆಯಿತು. ಯಂತ್ರಗಳು ಬಂದವು, ಕಲ್ಲು ಕುಟ್ಟಿದರು, ಚಿನ್ನ ಮಾತ್ರ ಖರ್ಚು ಹುಟ್ಟುವಷ್ಟೂ ಬರಲಿಲ್ಲ. ಒಂದೆರಡು ವರ್ಷಕ್ಕೆಲ್ಲ ಗುಳ್ಳೆ ಒಡೆಯಿತು. ಹಾಸ್ಯಚಿತ್ರದ ಎರಡನೆಯ ಅಂಕಕ್ಕೆ ಇದಕ್ಕಿಂತ ಏನು ಬೇಕು?

ಅದೇ ಹುಚ್ಚಿನ ಕಾಲದಲ್ಲೇ ಕೋಲಾರಕ್ಕೂ ಲಂಡನ್ನಿನ ಹಣ ಬಂತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು, ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಮೂರು ನಾಲ್ಕು ವರ್ಷ ಅಗೆದರೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ, ಬಂಡವಾಳ ಕರಗಿತು, ಮುಚ್ಚಿಬಿಡೋಣ ಎಂದರು ಷೇರುದಾರರು. ಉಳಿದಷ್ಟು ಹಣದಲ್ಲಿ ಇನ್ನೊಂದು ಸಲ ನೋಡೋಣ ಎಂದು ಟೇಲರ್ ಒಪ್ಪಿಸಿ, ಕ್ಯಾಪ್ಟನ್ ಪ್ಲಮ್ಮರ್ ಎಂಬವನನ್ನು ಕಳಿಸಿದ. ಗಣಿಯ ಮುಖ್ಯಸ್ಥನನ್ನು ಕ್ಯಾಪ್ಟನ್ ಎನ್ನುವುದು ಕಾರ್ನ್‌ವಾಲಿನ ರೂಢಿ. ಪ್ಲಮ್ಮರ್ ನಂಬಿದ್ದು ಹಿಂದಿನವರು ತೋಡಿ ಬಿಟ್ಟಿದ್ದ ಗುಣಿಗಳನ್ನು. ಅವು ನಿಂತಲ್ಲಿಂದ ಕೆಳಕ್ಕೆ ಇಳಿದ. ಅಲ್ಲಿತ್ತು ಚಾಂಪಿಯನ್ ರೀಫ್. ಆ ಕಾಲದ ಜಗತ್ತಿನ ಸಿರಿವಂತ ಚಿನ್ನದ ನರಗಳಲ್ಲಿ ಒಂದು.

ಇಷ್ಟಾದ ಮೇಲೆ ಕತೆ ಗಂಭೀರವಾಗುತ್ತದೆ, ಬೇಗ ದಾಟುತ್ತೇನೆ. 1894ಕ್ಕೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು, ಬೆಂಗಳೂರಿನ ಬೀದಿಗೆ ಅದು ಬಂದದ್ದು ಮೂರು ವರ್ಷ ತಡವಾಗಿ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಸತ್ತವರ ಕತೆ ಅಲ್ಲಿನ ಮನೆಮನೆಯಲ್ಲಿದೆ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಸುಮಾರು 800 ಟನ್ ಚಿನ್ನ ಕೊಟ್ಟು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಹಾಗಾದರೆ ಚಿನ್ನ ಕಂಡುಹಿಡಿದವರು ಯಾರು? ವಾರನ್ ಬರೆದ, ಲ್ಯಾವೆಲ್ಲೆ ಓದಿದ, ಪ್ಲಮ್ಮರ್ ಹಳೆಯ ಗುಣಿ ಹಿಡಿದು ಇಳಿದ. ಮೂವರಿಗೂ ದಾರಿ ತೋರಿದ್ದು ಮಾರಿಕುಪ್ಪ, ಊರಿಗಾಂನವರ ಕೆಲಸ. ಇನಾಮಿನ ಗಾಡಿ ತಂದವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ನಾನಂತೂ ನೋಡಿಲ್ಲ. ನನ್ನ ಕೇಳಿದರೆ ಈ ಕತೆಯ ನಾಯಕಿ ಕಲ್ಲು ಕುಟ್ಟುತ್ತಿದ್ದ ಆ ಹೆಣ್ಣು. ಕೆಂಪು ಕೋಟಿನವನು ಕುರ್ಚಿ ಹಾಕಿ ಕೂತು ಮಣ್ಣು ನೋಡುವಾಗ ಅವಳು ಬುಟ್ಟಿ ಕೊಡುವವನ ಕಡೆ ನೋಡಿ ನಕ್ಕಿರಲಾರಳೇ? ಕುಟ್ಟುವ ಏಟಿಗೂ ಬುಟ್ಟಿ ಬರುವ ಹೊತ್ತಿಗೂ ನಡುವೆ ಒಂದು ಪ್ರೀತಿ ಬೆಳೆದಿರಲಾರದೇ? ಚರಿತ್ರೆ ಬರೆದಿಲ್ಲ, ಕತೆಗಾರ ಬರೆಯಬಹುದು.

ಹುಡುಗನಿಗೆ ಹೇಳಿದ್ದನ್ನೇ ಸಿನಿಮಾ ಮಾಡುವ ಆಸೆಯಿರುವ ಎಲ್ಲರಿಗೂ ಹೇಳುತ್ತೇನೆ. ಕ್ಯಾಲಿಫೋರ್ನಿಯಾ ಬಿಡಿ, ಸುತ್ತಿಗೆಯನ್ನೂ ಸ್ವಲ್ಪ ದಿನ ಕೆಳಗಿಡಿ. ಬಂಗಾರಪೇಟೆ ಮೇಲೆ ಕೆಜಿಎಫ್‌ಗೆ ಹೋಗುವ ರೈಲು ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ. ಅದೇ ಮಾರಿಕುಪ್ಪ.