ಲ್ಯೂ ಅಜ್ಜಿ ತಿಂದ ಬದನೆಕಾಯಿ

ಚೀನಾದ ಮಹಾಕಾದಂಬರಿ ‘ಕೆಂಪು ಮಹಡಿಯ ಕನಸು’ ಓದಿದವರು ಅದರ 41ನೇ ಅಧ್ಯಾಯದ ಬದನೆಕಾಯಿಯನ್ನು ಮರೆಯುವುದಿಲ್ಲ. ಹಳ್ಳಿಯಿಂದ ಬಂದ ಬಡ ಮುದುಕಿ ಲ್ಯೂ ಅಜ್ಜಿಗೆ ಜ್ಯಾ ಮನೆತನದವರು ಔತಣ ಮಾಡುತ್ತಿದ್ದಾರೆ. ಮನೆಯ ಕಾರುಬಾರೆಲ್ಲ ನೋಡಿಕೊಳ್ಳುವ ಚುರುಕು ನಾಲಿಗೆಯ ಸೊಸೆ ವಾಂಗ್ ಶೀಫೆಂಗ್ ಒಂದು ತುತ್ತು ಅಜ್ಜಿಯ ಬಾಯಿಗಿಡುತ್ತಾಳೆ. ಇದು ಬದನೆಕಾಯಿ ಅಂದರೆ ಅಜ್ಜಿ ನಂಬುವುದಿಲ್ಲ. ಹುಟ್ಟಿದಾಗಿನಿಂದ ಬದನೆ ಬೆಳೆದು ತಿಂದವಳು ಅವಳು. ಇನ್ನೊಂದು ತುತ್ತನ್ನು ನಿಧಾನವಾಗಿ ಅಗಿದ ಮೇಲೆ, ಬದನೆಯ ಘಮ ತುಸು ಇರುವುದು ಹೌದು ಎಂದು ಒಪ್ಪಿಕೊಂಡು, ಮಾಡುವ ಬಗೆ ಕೇಳುತ್ತಾಳೆ.

ಶೀಫೆಂಗ್ ಹೇಳುವ ಪಾಕ ಇದು. ಆಗತಾನೆ ಕಿತ್ತ ಬದನೆಯ ಸಿಪ್ಪೆ ಹೆರೆದು, ತಿರುಳನ್ನು ಸಣ್ಣಗೆ ಹೆಚ್ಚಿ, ಕೋಳಿಯ ಕೊಬ್ಬಿನಲ್ಲಿ ಕರಿಯಬೇಕು. ಕೋಳಿಯ ಎದೆಮಾಂಸ, ಅಣಬೆಗಳು, ಎಳೆ ಕಳಲೆ, ಮಸಾಲೆ ಕಟ್ಟಿದ ಒಣ ತೋಫು, ತರಾವರಿ ಒಣಹಣ್ಣುಗಳು, ಇವನ್ನೂ ಅಷ್ಟೇ ಸಣ್ಣಗೆ ಹೆಚ್ಚಿ ಕೋಳಿಸಾರಿನಲ್ಲಿ ಬೇಯಿಸಿ ಇಂಗಿಸಬೇಕು. ಎಳ್ಳೆಣ್ಣೆ, ಮದ್ಯದ ಗಸಿಯಿಂದ ಮಾಡಿದ ರಸ ಸೇರಿಸಿ, ಪಿಂಗಾಣಿ ಭರಣಿಗೆ ತುಂಬಿ, ಬಾಯಿ ಬಿಗಿದಿಡಬೇಕು. ಬೇಕಾದಾಗ ತೆಗೆದು, ಹುರಿದ ಕೋಳಿಮಾಂಸದ ಜೊತೆ ಕಲಸಿ ಬಡಿಸಬೇಕು. ಒಂದು ಬದನೆಗೆ ಹತ್ತು ಕೋಳಿ ಬೇಕಾಯಿತಲ್ಲ ಎಂದು ಅಜ್ಜಿ ಬೆರಗಾಗುತ್ತಾಳೆ.

ಈ ಪದಾರ್ಥದ ಹೆಸರು ಚ್ಯೇಶ್ಯಾಂಗ್. 1980ರ ದಶಕದಲ್ಲಿ ಕಾದಂಬರಿಯ ಅಡುಗೆಗಳನ್ನು ಮೇಜಿಗೆ ತರುವ ಹುರುಪು ಚೀನಾದಲ್ಲಿ ಎದ್ದಾಗ ಮೊದಲು ನೆನಪಾದದ್ದು ಇದೇ. ಬೀಜಿಂಗಿನ ಝೊಂಗ್‌ಶಾನ್ ಉದ್ಯಾನದೊಳಗಿನ ಹಳೆಯ ಊಟದ ಮನೆ ಲಾಯ್‌ಜಿನ್‌ಯೂಶ್ವಾನ್‌ನಲ್ಲಿ ಇದನ್ನು ಮಾಡಿದರು. ಯಾಂಗ್‌ಝೌ ನಗರದ ಬಾಣಸಿಗರೂ ಮಾಡಿದರು. ಕಾದಂಬರಿಕಾರ ತ್ಸಾವ್ ಶ್ಯುಯೇಚಿನ್‌ನ ಅಜ್ಜ ತ್ಸಾವ್ ಯಿನ್, ಚಕ್ರವರ್ತಿಯ ಅಪ್ಪಣೆಯಂತೆ 1705ರಲ್ಲಿ ತಾಂಗ್ ಕಾಲದ ಸಮಗ್ರ ಕಾವ್ಯದ ಮುದ್ರಣಕ್ಕೆ ತೊಡಗಿದ್ದು ಯಾಂಗ್‌ಝೌದಲ್ಲೇ. ಹಾಗಾಗಿ ಆ ಊರಿಗೂ ಈ ಅಡುಗೆಯ ಮೇಲೆ ಹಕ್ಕುಂಟು. 1987ರಲ್ಲಿ ಕಾದಂಬರಿ 36 ಕಂತುಗಳಲ್ಲಿ ಟಿವಿಗೆ ಬಂದ ಮೇಲಂತೂ ‘ಕೆಂಪು ಮಹಡಿ’ಯ ಔತಣಗಳಿಗೆ ಹೆಸರು ಬಂತು.

ಆದರೆ ಶೀಫೆಂಗ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರೆ ತಟ್ಟೆಗೆ ಬರುವುದು ಎಣ್ಣೆ ಒಸರುವ, ರುಚಿಕಟ್ಟಾದ, ಆದರೂ ಯಾವ ಹೋಟೆಲಿನಲ್ಲೂ ಸಿಗಬಹುದಾದ ಹುರಿದ ಕೋಳಿ ಮತ್ತು ಬದನೆ. ಹಸಿ ಬದನೆಯ ತಿರುಳಿನ ತುಂಬ ಗಾಳಿಗೂಡುಗಳು. ಬಾಣಲೆಗೆ ಬಿದ್ದೊಡನೆ ಅದು ಕೊಬ್ಬನ್ನೆಲ್ಲ ಹೀರುತ್ತದೆ, ಸಾರಿನಲ್ಲಿ ಕುದಿದರೆ ಕರಗಿ ಹೋಗುತ್ತದೆ. ಹುಟ್ಟು ರೈತಳೊಬ್ಬಳು ಬದನೆಯೆಂದು ಗುರುತಿಸಲಾರದಂಥದ್ದು ಅದರಲ್ಲಿ ಏನೂ ಇಲ್ಲ. ಶ್ಯಾಂಗ್ ಅಂದರೆ ಒಣಮೀನು. ಆ ಹೆಸರು ಹೊತ್ತ ಪದಾರ್ಥದಲ್ಲಿ ಬದನೆಯನ್ನೇ ಒಣಗಿಸಿಲ್ಲವೆಂದರೆ ಹೇಗೆ? ಇಷ್ಟು ಹಸಿತನವಿರುವುದನ್ನು ಭರಣಿಯಲ್ಲಿ ಎಷ್ಟು ದಿನ ಇಟ್ಟಾರು?

ಉತ್ತರ ಬೇರೊಂದು ಹಸ್ತಪ್ರತಿಯಲ್ಲಿತ್ತು. ಕಾದಂಬರಿ ಮೊದಲು ಅಚ್ಚಾದದ್ದು 1791ರಲ್ಲಿ, ಕರ್ತೃ ತೀರಿಕೊಂಡು ಕಾಲು ಶತಮಾನ ಕಳೆದ ಮೇಲೆ. ಜನರು ಓದಿಕೊಂಡು ಬಂದದ್ದು ಆ ಪಾಠದಲ್ಲಿದ್ದ ಹತ್ತು ಕೋಳಿಯ ಪಾಕವನ್ನೇ. ಆಮೇಲೆ 1911-12ರ ಸುಮಾರಿಗೆ ಶಾಂಘೈನ ಯೌಝೆಂಗ್ ಪ್ರಕಾಶನ ಹಳೆಯ ಕೈಬರಹದ ಪ್ರತಿಯೊಂದನ್ನು ಕಲ್ಲಚ್ಚಿನಲ್ಲಿ ತಂದಿತು. ಚಿ ಲ್ಯಾವ್‌ಶೆಂಗ್ ಎಂಬಾತನ ಮುನ್ನುಡಿ ಇದ್ದ 80 ಅಧ್ಯಾಯಗಳ ಪ್ರತಿ. ಅದರಲ್ಲಿ ಅದೇ ಶೀಫೆಂಗ್, ಅದೇ ಅಜ್ಜಿಗೆ, ಬೇರೆಯದೇ ಪಾಕ ಹೇಳುತ್ತಾಳೆ. ನಾಲ್ಕೈದನೇ ತಿಂಗಳ ಎಳೆ ಬದನೆಯ ಸಿಪ್ಪೆ, ಬೀಜ ತೆಗೆದು ತಿರುಳನ್ನು ಕೂದಲೆಳೆಯಂತೆ ಸೀಳಿ ಬಿಸಿಲಿಗೆ ಒಣಗಿಸಬೇಕು. ಕೊಬ್ಬಿದ ಹೇಂಟೆಯಿಂದ ಗಟ್ಟಿ ಸಾರು ಇಳಿಸಿ, ಅದರ ರುಚಿ ಹತ್ತುವಂತೆ ಎಳೆಗಳನ್ನು ಹಬೆಯಲ್ಲಿ ಬೇಯಿಸಿ, ಮತ್ತೆ ಬಿಸಿಲಿಗೆ ಹಾಕಬೇಕು. ಹೀಗೆ ಒಂಬತ್ತು ಸಲ ಹಬೆ, ಒಂಬತ್ತು ಸಲ ಬಿಸಿಲು. ಗರಿಗರಿಯಾದ ಮೇಲೆ ಭರಣಿಗೆ. ಕಳಲೆಯಿಲ್ಲ, ತೋಫುವಿಲ್ಲ, ಒಣಹಣ್ಣಿಲ್ಲ.

ಎರಡರಲ್ಲಿ ಯಾವುದು ಕರ್ತೃವಿನ ಕೈಯದು ಎಂಬ ವಾದ ಇನ್ನೂ ಮುಗಿದಿಲ್ಲ. ಅಡುಗೆಯ ಕಣ್ಣಿನಿಂದ ನೋಡಿದರೆ ಮಾತ್ರ ನನಗೆ ಅನುಮಾನವೇ ಇಲ್ಲ: ಎರಡನೆಯದು ಬಾಳಿ ಬದುಕಿದ ಅಡುಗೆ. 1591ರಲ್ಲಿ ಹಾಂಗ್‌ಝೌನ ಗಾವ್ ಲ್ಯಾನ್ ಬರೆದ ಆರೋಗ್ಯ ಗ್ರಂಥದಲ್ಲಿ ‘ಲಾವಕ್ಕಿ ಬದನೆ’ ಎಂಬುದೊಂದಿದೆ. ಎಳೆ ಬದನೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ಬಿಸಿನೀರಿನಲ್ಲಿ ಅದ್ದಿ ತೆಗೆದು, ಸೋಂಪು, ಕಿತ್ತಳೆ ಸಿಪ್ಪೆ ಮುಂತಾದವುಗಳ ಪುಡಿ ಸವರಿ, ಒಣಗಿಸಿ, ಹಬೆಯಲ್ಲಿ ಬೇಯಿಸಿ ಕೂಡಿಡುವುದು. ಬೇಕಾದಾಗ ನೆನೆಸಿ ಎಳ್ಳೆಣ್ಣೆಯಲ್ಲಿ ಕರಿಯುವುದು. ಬದನೆಗೆ ಹಕ್ಕಿಯ ಹೆಸರು, ಬಿಸಿಲು, ಹಬೆ, ಕೂಡಿಡುವುದು ಎಲ್ಲವೂ ಇಲ್ಲೇ ಇವೆ. ತ್ಸಾವ್ ಯಿನ್ ಹಳೆಯ ಪಾಕಗ್ರಂಥಗಳನ್ನು ಕೂಡಿಸಿ ಪುಸ್ತಕವನ್ನೇ ಮಾಡಿದ್ದವನು. ಅಂಥ ಮನೆಯ ಮೊಮ್ಮಗನಿಗೆ ಇಂಥ ಅಡುಗೆಗಳ ಪರಿಚಯ ಇಲ್ಲದೆ ಇರುತ್ತದೆಯೇ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಕ್ಷಿ. ಅದು ಯಾವ ಹಳೆಯ ಕಪಾಟಿನಲ್ಲೂ ಇರಲಿಲ್ಲ, ಕಾದಂಬರಿಯ ಮುಂದಿನ ಅಧ್ಯಾಯದಲ್ಲೇ ಇತ್ತು. 42ರಲ್ಲಿ ಲ್ಯೂ ಅಜ್ಜಿ ಊರಿಗೆ ಹೊರಟಾಗ ಶೀಫೆಂಗ್‌ಳ ಆಪ್ತ ಸೇವಕಿ ಪಿಂಗ್‌ಅರ್, ದುಡ್ಡು ಬಟ್ಟೆ ಕೊಟ್ಟು ಕಳಿಸುತ್ತಾ ಒಂದು ಮಾತು ಕೇಳಿಕೊಳ್ಳುತ್ತಾಳೆ: ವರ್ಷದ ಕೊನೆಗೆ ನೀವು ಒಣಗಿಸಿದ ತರಕಾರಿ ತಂದುಕೊಡಿ, ಮನೆಯ ಹಿರಿಯರು ಕಿರಿಯರೆಲ್ಲರಿಗೂ ಇಷ್ಟ. ಪಟ್ಟಿಯಲ್ಲಿರುವುದು ಚಕ್ಕೋತದ ಜಾತಿಯ ಸೊಪ್ಪು, ಅಲಸಂದೆ, ಅವರೆ, ಸೋರೆಕಾಯಿಯ ಸೀಳು. ಜೊತೆಗೆ ಬದನೆಕಾಯಿ! ನಮ್ಮಲ್ಲಿ ಬೇಸಿಗೆಯಲ್ಲಿ ಗೋರಿಕಾಯಿ ಬಾಳಕ ಮಾಡಿಡುವ ಹಾಗೆ, ಅಜ್ಜಿಯ ಹಳ್ಳಿಯಲ್ಲಿ ಬದನೆ ಒಣಗಿಸಿಡುತ್ತಿದ್ದರು. ಅಂದರೆ ಅಜ್ಜಿಯ ಬೆರಗಿಗೆ ಕಾರಣವಾದ ಪದಾರ್ಥದ ಬುಡ ಅಜ್ಜಿಯ ಅಂಗಳದಲ್ಲೇ ಇತ್ತು. ಶೀಫೆಂಗ್ ಒಲೆಯ ಮುಂದೆ ನಿಂತವಳಲ್ಲ. ಹತ್ತು ಕೋಳಿಯ ಪಾಕ ಅವಳ ಬಾಯಲ್ಲಿ ಬರುವುದು ಸಿರಿ ಮೆರೆಸಲಿಕ್ಕೆ. ಇದನ್ನು ಬರೆದವನ ಮನೆಯ ಆಸ್ತಿಯನ್ನು 1728ರ ಹೊತ್ತಿಗೆ ಅರಮನೆ ಮುಟ್ಟುಗೋಲು ಹಾಕಿಕೊಂಡಿತ್ತು. ಕೊನೆಯ ವರ್ಷಗಳಲ್ಲಿ ಬೀಜಿಂಗಿನ ಹೊರವಲಯದಲ್ಲಿ ಅವನ ಸಂಸಾರ ಗಂಜಿ ಕುಡಿದು ಬದುಕಿತ್ತೆಂದು ಅವನ ಗೆಳೆಯನೇ ಬರೆದಿಟ್ಟಿದ್ದಾನೆ. ಎರಡೂ ಮನೆಗಳ ಊಟ ಅವನಿಗೆ ಗೊತ್ತಿತ್ತು.

ಒಂಬತ್ತು ಹಬೆ, ಒಂಬತ್ತು ಬಿಸಿಲಿನ ಆ ಬದನೆಯನ್ನು ಏಪ್ರಿಲ್ ಬಿಸಿಲಿನಲ್ಲಿ ನಮ್ಮ ತಾರಸಿಯ ಮೇಲೆ ಮಾಡಿದ್ದೇನೆ. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಬದನೆ ಕಪ್ಪಾಗುತ್ತದೆ. 6ನೇ ಶತಮಾನದ ಚೀನೀ ಕೃಷಿಗ್ರಂಥವೊಂದು ಇದೇ ಕಾರಣಕ್ಕೆ ಬಿದಿರಿನ ಇಲ್ಲವೆ ಮೂಳೆಯ ಚಾಕು ಬಳಸಿ ಎನ್ನುತ್ತದೆ. ನಾನು ಸ್ಟೀಲ್ ಚಾಕು ಹಿಡಿದೆ. ಉದ್ದ ಹಸಿರು ಬದನೆಯಾದರೆ ಎಳೆ ಚೆನ್ನಾಗಿ ಬರುತ್ತದೆ. ಬಿಳಿ ಪಂಚೆಯ ಮೇಲೆ ಹರವಿದ ಎಳೆಗಳು ಸಂಜೆಯೊಳಗೆ ಸುರುಟಿ ಒಂದು ಹಿಡಿಯಾಗುತ್ತವೆ. ಗಾಳಿಗೂಡುಗಳು ಕುಗ್ಗಿರುವುದರಿಂದ ಸಾರು ಚಿಮುಕಿಸಿ ಹಬೆಗಿಟ್ಟರೆ ಎಳೆ ಕರಗದೆ ಸಾರನ್ನಷ್ಟೇ ಕುಡಿದು ಉಬ್ಬುತ್ತದೆ. ಸುತ್ತು ಕಳೆದಂತೆಲ್ಲ ಬಣ್ಣ ಜೇನಿನಿಂದ ಕಂದಿಗೆ ತಿರುಗುತ್ತದೆ, ಅಗಿದರೆ ಮಾಂಸದ ನಾರಿನಷ್ಟು ಗಟ್ಟಿ. ಸಾರಿಗೆ ಉಪ್ಪು ಹಾಕಲೇಬಾರದು, ಒಂಬತ್ತು ಸಲ ಸೇರಿದ ಉಪ್ಪು ಬಾಯಿಗಿಡಲಾಗದಷ್ಟಾಗುತ್ತದೆ. ಕೊನೆಯಲ್ಲಿ ಕೋಳಿಯ ತುಂಡುಗಳನ್ನು ಎಳ್ಳೆಣ್ಣೆಯಲ್ಲಿ ಹುರಿಯುವಾಗ ಉಪ್ಪು ಹಾಕಿದರೆ ಸಾಕು. ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆ ಬದನೆಯನ್ನು ಕಲಸಬೇಕು. ಮನೆಗೆ ಬಂದವರಿಗೆ ಹೆಸರು ಹೇಳದೆ ಬಡಿಸಿದರೆ ಹೆಚ್ಚಿನವರು ಅಣಬೆ ಅನ್ನುತ್ತಾರೆ.